ಅರಮನೆಯಲ್ಲಿ ರೂಮಿಲ್ಲ, ಝರಿಯ ಪಕ್ಕ ಇದೆ

ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತು ಅಂದ್ರೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಹಳೇ ಚರ್ಚೆ ಶುರು. ಕೊಡಗಾ, ಚಿಕ್ಕಮಗಳೂರಾ, ಗೋಕರ್ಣಾನಾ? ಸಂಬಳ ಸ್ವಲ್ಪ ಜಾಸ್ತಿ ಇರೋರು ಉದಯಪುರದ ಅರಮನೆ ಹೊಟೇಲಿನ ಫೋಟೋ ಹಾಕ್ತಾರೆ. ಆನ್‌ಸೈಟ್ ಅಂತ ಒಂದು ವರ್ಷ ಲಂಡನ್ನಿನಲ್ಲಿದ್ದು ಬಂದವರು ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆ ಹೊಟೇಲುಗಳನ್ನು ನೆನೆಸಿಕೊಳ್ತಾರೆ. ಯಾವನೋ ಜಮೀನ್ದಾರ ಕಟ್ಟಿಸಿದ ಮುನ್ನೂರು ವರ್ಷದ ಮನೆ, ಸುತ್ತ ಹುಲ್ಲುಗಾವಲು, ಹತ್ತಿರದಲ್ಲೇ ಸಮುದ್ರ, ಬೆಂಕಿಗೂಡಿನ ಮುಂದೆ ಚಹಾ. ಈ ಪಟ್ಟಿಗಳಲ್ಲಿ ಬೀದರ್ ಹೆಸರು ಬರೋದು ಅಪರೂಪ.

ಲೆಕ್ಕಕ್ಕೆ ನೋಡಿದರೆ ಬೀದರಿನಲ್ಲಿ ಏನು ಕಡಿಮೆ? ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಕೆಂಪುಗಲ್ಲಿನ ಬಯಲು. ಕಲ್ಲನ್ನೇ ಕೊರೆದು ತೆಗೆದ ಮೂರು ಸಾಲಿನ ಕಂದಕ. ಕೋಟೆಯೊಳಗೆ ರಂಗೀನ್ ಮಹಲ್, ಗಗನ್ ಮಹಲ್, ತರ್ಕಶ್ ಮಹಲ್, ತಖ್ತ್ ಮಹಲ್ ಅಂತ ಸಾಲು ಸಾಲು ಅರಮನೆ. ಊರಾಚೆ ಅಷ್ಟೂರಿನ ಗುಮ್ಮಟಗಳು. ಹೈದರಾಬಾದಿನಿಂದ ಕಾರಿನಲ್ಲಿ ಮೂರು ಗಂಟೆ ದಾರಿ. ಇಷ್ಟಿದ್ದೂ ಈ ಅರಮನೆಗಳಲ್ಲಿ ಒಂದೇ ಒಂದು ರಾತ್ರಿ ತಂಗೋಕೆ ರೂಮು ಸಿಗಲ್ಲ. ಬೆಳಗ್ಗೆ ಬಾಗಿಲು ತೆಗೀತಾರೆ, ಸಂಜೆ ಬೀಗ ಹಾಕ್ತಾರೆ.

ಯಾಕೆ ಹೀಗೆ? ಜಿಲ್ಲೆ ಹಿಂದುಳಿದಿದೆ, ಅದಕ್ಕೇ ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಉತ್ತರ ಇತಿಹಾಸದಲ್ಲಿದೆ, ಮತ್ತೆ ಅರ್ಧ ಉತ್ತರ ನೆಲದ ಕೆಳಗಿದೆ.

ಮೊದಲು ಅರಮನೆ ಹೊಟೇಲು ಹೇಗೆ ಹುಟ್ಟುತ್ತೆ ಅನ್ನೋದನ್ನ ನೋಡೋಣ. ಅದಕ್ಕೆ ಅರಮನೆ ಒಂದಿದ್ದರೆ ಸಾಲದು, ಅದರ ಸೂರು ಸೋರುತ್ತಿರಬೇಕು, ರಿಪೇರಿ ಮಾಡಿಸೋಕೆ ದುಡ್ಡಿಲ್ಲದ ವಾರಸುದಾರನೊಬ್ಬ ಇರಬೇಕು. ಇಂಗ್ಲೆಂಡಿನಲ್ಲಿ ಆದದ್ದು ಇದೇ. ಮೊದಲ ಮಹಾಯುದ್ಧದ ನಂತರ ಉತ್ತರಾಧಿಕಾರದ ತೆರಿಗೆ ಏರಿತು, ಜಮೀನಿನ ಆದಾಯ ಇಳಿಯಿತು, ಆಳುಕಾಳು ಸಿಗೋದು ನಿಂತಿತು. ನೂರು ಕೋಣೆಯ ಮನೆಗಳನ್ನು ಕೆಲವರು ಕೆಡವಿದರು, ಕೆಲವರು ದಾನ ಕೊಟ್ಟರು. ಥೇಮ್ಸ್ ನದಿ ದಂಡೆಯ ಕ್ಲೈವ್ಡನ್ ಅನ್ನೋ ಬಂಗಲೆಯನ್ನು ಆಸ್ಟರ್ ಮನೆತನ 1942ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಕೊಟ್ಟಿತು. ಇವತ್ತು ಅದು ಹೆಸರುವಾಸಿ ಐಷಾರಾಮಿ ಹೊಟೇಲು. ನಮ್ಮಲ್ಲಿ ಉದಯಪುರದ ಮಹಾರಾಣಾ ಮನೆತನ ಪಿಚೋಲಾ ಕೆರೆಯ ನಡುವಿನ ಅರಮನೆಯನ್ನು 1963ರಲ್ಲೇ ಹೊಟೇಲು ಮಾಡಿತು. 1971ರಲ್ಲಿ ರಾಜಧನ ರದ್ದಾದ ಮೇಲೆ ಉಳಿದ ರಾಜರೂ ಅದೇ ದಾರಿ ಹಿಡಿದರು. ಹೈದರಾಬಾದಿನ ಫಲಕ್‌ನುಮಾ 2010ರಲ್ಲಿ ತಾಜ್ ಹೊಟೇಲಾಗಿ ತೆರೆಯಿತು.

ಬೀದರಿಗೆ ಇಂಥ ವಾರಸುದಾರ ಉಳಿಯಲೇ ಇಲ್ಲ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಮೊದಲ ರಾಜಧಾನಿ ಕಲಬುರಗಿ. 1422ರಿಂದ 1436ರವರೆಗೆ ಆಳಿದ ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ತಂದು, ಅದಕ್ಕೆ ಮುಹಮ್ಮದಾಬಾದ್ ಅಂತ ಹೆಸರಿಟ್ಟ. ಬೇಟೆಗೆ ಬಂದ ಸುಲ್ತಾನ ಇಲ್ಲಿ ನರಿಯೊಂದು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋಗೋದನ್ನ ಕಂಡು ಈ ನೆಲದಲ್ಲಿ ಏನೋ ಇದೆ ಅಂದುಕೊಂಡನಂತೆ. ಹಂಪಿಯ ಮೊಲದ ಐತಿಹ್ಯ ಗೊತ್ತಿರೋರಿಗೆ ಇದು ಅದರ ಅಣ್ಣತಮ್ಮ ಅನ್ನಿಸುತ್ತೆ. ಐತಿಹ್ಯ ಬದಿಗಿಟ್ಟರೂ ಕಾರಣಗಳು ಕಾಣುತ್ತವೆ. ಕಲಬುರಗಿಗಿಂತ ಎತ್ತರದ ಜಾಗ, ಗಾಳಿ ತಂಪು, ಒಂದು ಪಕ್ಕ ಬಯಲು ಕಡಿದು ಬಿದ್ದಂತೆ ಇಳಿಯೋದರಿಂದ ಕಾವಲಿಗೂ ಅನುಕೂಲ. ಅಂದ್ರೆ ರಾಜಧಾನಿ ಆಗೋಕೆ ಮುಂಚೆ ಬೀದರ್ ಒಬ್ಬ ಸುಲ್ತಾನನ ವಿಹಾರಕ್ಕೆ ಒಪ್ಪಿಗೆಯಾದ ಜಾಗ. ವೀಕೆಂಡಿಗೆ ಬಂದವನು ಇಲ್ಲೇ ಮನೆ ಮಾಡಿದ ಅನ್ನಿ.

ಹೊಸ ಅರಮನೆ ಎದ್ದಾಗ ಆಝರಿ ಅನ್ನೋ ಪರ್ಷಿಯನ್ ಕವಿ ಅದನ್ನು ಹೊಗಳಿ ಪದ್ಯ ಬರೆದ. ಅದನ್ನು ಬಾಗಿಲ ಮೇಲೆ ಕೆತ್ತಿಸಿದರು ಅಂತ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಬಹಮನಿಗಳ ನಂತರ ಬರೀದ್ ಶಾಹಿಗಳು ಬಂದರು. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ರಂಗೀನ್ ಮಹಲನ್ನು ಮರದ ಕೆತ್ತನೆಯಿಂದ, ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನಿಂದ ಸಿಂಗರಿಸಿದ. 1619ರಲ್ಲಿ ವಿಜಾಪುರದವರು ಬೀದರನ್ನು ತೆಗೆದುಕೊಂಡರು. 1656-57ರಲ್ಲಿ ರಾಜಕುಮಾರನಾಗಿದ್ದ ಔರಂಗಜೇಬ ಕೋಟೆ ಗೆದ್ದು ಜಫರಾಬಾದ್ ಅಂತ ಕರೆದ. 1724ರ ನಂತರ ನಿಜಾಮರ ಕೈಗೆ ಬಂತು. ಅಲ್ಲಿಗೆ ಬೀದರ್ ರಾಜಧಾನಿಯ ಪಟ್ಟ ಕಳೆದುಕೊಂಡು ಇನ್ನೊಂದು ರಾಜಧಾನಿಗೆ ಕಂದಾಯ ಕಟ್ಟೋ ಊರಾಯಿತು. ಸೋರೋ ಸೂರಿನ ಕೆಳಗೆ ಕೂತು ತಲೆ ಕೆಡಿಸಿಕೊಳ್ಳೋಕೆ ಮನೆತನವೇ ಇರಲಿಲ್ಲ. ಅರಮನೆ ಪುರಾತತ್ವ ಇಲಾಖೆಯ ಸ್ಮಾರಕವಾಯಿತು.

ಫಲಕ್‌ನುಮಾ ಅಂದೆನಲ್ಲ, ಅದನ್ನು ಮೊದಲು ಕಟ್ಟಿಸಿದ್ದು ನಿಜಾಮನಲ್ಲ, ಪಾಯಿಗಾ ಮನೆತನದ ವಿಕಾರ್-ಉಲ್-ಉಮ್ರಾ. ಆ ಪಾಯಿಗಾ ಮನೆತನಗಳ ಜಾಗೀರುಗಳಲ್ಲಿ ಬೀದರ್ ಜಿಲ್ಲೆಯ ಹಲವು ಊರುಗಳೂ ಇದ್ದವು. ಇಲ್ಲಿನ ಜೋಳ, ತೊಗರಿ, ಹತ್ತಿಯ ಮೇಲಿನ ಕಂದಾಯ ಹೈದರಾಬಾದಿಗೆ ಹೋಗುತ್ತಿತ್ತು. ಅಲ್ಲಿನ ಅರಮನೆಗಳಲ್ಲಿ ಇವತ್ತು ಬೆಳಗಿನ ನಾಷ್ಟಾ ಮಾಡೋರು ಈ ಒಂದು ಸಾಲನ್ನು ನೆನಪಿಟ್ಟುಕೊಂಡರೆ ತಪ್ಪೇನಿಲ್ಲ.

ಹಳ್ಳಿ ದುಡಿದು ರಾಜಧಾನಿ ಉಣ್ಣೋ ಈ ಸಂಗತಿಯನ್ನು ಬೀದರಿನಲ್ಲೇ ಕಂಡು ಬರೆದಿಟ್ಟವನು ರಷ್ಯದ ಒಬ್ಬ ವ್ಯಾಪಾರಿ, ತ್ವೇರ್ ಊರಿನ ಅಫನಾಸಿ ನಿಕಿತಿನ್. ವಾಸ್ಕೋ ಡ ಗಾಮನಿಗಿಂತ ಸುಮಾರು ಮೂವತ್ತು ವರ್ಷ ಮೊದಲೇ, 1470ರ ಆಸುಪಾಸಿನಲ್ಲಿ, ಒಂದು ಕುದುರೆ ಹಿಡಿದುಕೊಂಡು ಬಂದವನು. ಹೊರ್ಮುಜ್‌ನಿಂದ ಹಡಗಿನಲ್ಲಿ ಚೌಲ್ ಬಂದರು, ಅಲ್ಲಿಂದ ಜುನ್ನರ್, ಅಲ್ಲಿಂದ ಬೀದರ್. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಕುದುರೆಯನ್ನೇ ಕಿತ್ತುಕೊಂಡಿದ್ದ. ಹೇಗೋ ವಾಪಸು ಸಿಕ್ಕಿ, ಕೊನೆಗೆ ಬೀದರಿನಲ್ಲಿ ಮಾರಿದ. ಆ ಹೊತ್ತಿಗೆ ಅದಕ್ಕೆ ಹುಲ್ಲು ಹಾಕಿ ಹಾಕಿ ಜೇಬು ಖಾಲಿಯಾಗಿತ್ತು.

ಈ ನಾಡಿನ ವಸತಿ ವ್ಯವಸ್ಥೆ ಬಗ್ಗೆ ನಿಕಿತಿನ್ ಬರೆದಿದ್ದಾನೆ. ಹೊರಗಿಂದ ಬಂದ ವರ್ತಕರು ಬಿಡಾರಗಳಲ್ಲಿ ಇಳಿದುಕೊಳ್ಳುತ್ತಿದ್ದರು, ಅಲ್ಲಿನ ಹೆಂಗಸರು ಅಡುಗೆ ಮಾಡಿ, ಹಾಸಿಗೆ ಹಾಸಿ ಕೊಡುತ್ತಿದ್ದರು. ಅರಮನೆಯನ್ನೂ ಬಣ್ಣಿಸಿದ್ದಾನೆ. ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ಬಂದವರು ಹೋದವರ ಹೆಸರು ಬರೆದುಕೊಳ್ಳೋಕೆ ಗುಮಾಸ್ತರು. ಇವತ್ತಿನ ಹೊಟೇಲಿನ ರಿಸೆಪ್ಷನ್ ರಿಜಿಸ್ಟರು ನೆನಪಾಗುತ್ತೆ ಅಲ್ವಾ? ಸುಲ್ತಾನ ತಾಯಿ, ಹೆಂಡತಿಯ ಜೊತೆ ವಿಹಾರಕ್ಕೆ ಹೊರಟರೆ ಹತ್ತು ಸಾವಿರ ಕುದುರೆ ಸವಾರರು, ಐವತ್ತು ಸಾವಿರ ಕಾಲಾಳು, ಇನ್ನೂರು ಆನೆ ಅಂತ ಲೆಕ್ಕ ಕೊಡ್ತಾನೆ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ಅದೇ ಬರಹದಲ್ಲಿ ಇನ್ನೊಂದು ಮಾತಿದೆ, ಅದಕ್ಕೆ ಉತ್ಪ್ರೇಕ್ಷೆ ಬೇಕಿರಲಿಲ್ಲ: ಈ ದೇಶದಲ್ಲಿ ಜನ ಬಹಳ, ಹಳ್ಳಿಯವರು ಕಡುಬಡವರು, ದೊಡ್ಡಮನುಷ್ಯರು ಮಾತ್ರ ಭಾರೀ ವೈಭವದಲ್ಲಿದ್ದಾರೆ, ಬೆಳ್ಳಿಯ ಪಲ್ಲಕ್ಕಿಯಲ್ಲಿ ಓಡಾಡ್ತಾರೆ.

ಆ ದೊಡ್ಡಮನುಷ್ಯರ ನಡುವೆ ಒಬ್ಬ ಬೇರೆ ಥರದವನೂ ಇದ್ದ. ಇರಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನ್. ರಾಜ್ಯದ ಬೊಕ್ಕಸ ಕೈಯಲ್ಲಿದ್ದರೂ ಅವನು ಮಲಗುತ್ತಿದ್ದದ್ದು ಚಾಪೆಯ ಮೇಲೆ, ಅಡುಗೆ ಮಣ್ಣಿನ ಮಡಕೆಯಲ್ಲಿ ಅಂತ ಫೆರಿಶ್ತಾ ದಾಖಲಿಸಿದ್ದಾನೆ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಬೀದರ್ ಪೇಟೆಯ ನಡುವೆ ಈಗಲೂ ಅರ್ಧ ನಿಂತಿದೆ. ನೀಲಿ ಹೆಂಚಿನ ಮಿನಾರು ನೋಡಿ, ಸೆಲ್ಫಿ ತೆಗೆದುಕೊಂಡು ಬರೋರೇ ಹೆಚ್ಚು. ಮುಂದಿನ ಸಲ ಒಳಗಿನ ಕೋಣೆಗಳನ್ನು ಗಮನಿಸಿ. ದೂರದೂರದಿಂದ ಬಂದ ವಿದ್ಯಾರ್ಥಿಗಳು, ಮೇಷ್ಟರುಗಳು ಅಲ್ಲೇ ಉಳಿದು ಓದುತ್ತಿದ್ದರು, ಕೋಣೆಗೆ ಗಾಳಿ ಬೆಳಕು ಬರೋ ಹಾಗೆ ಕಟ್ಟಿದ್ದಾರೆ. ಅರಮನೆಯ ಏಳು ಬಾಗಿಲು ದಾಟೋ ಯೋಗ್ಯತೆ ಇಲ್ಲದವನಿಗೂ ಅದೇ ಊರಿನಲ್ಲಿ ಒಂದು ಒಳ್ಳೆ ಕೋಣೆ ಇತ್ತು. 1481ರಲ್ಲಿ ಸುಳ್ಳು ಪತ್ರವೊಂದರ ಆಧಾರದ ಮೇಲೆ ಸುಲ್ತಾನ ಗವಾನನ ತಲೆ ತೆಗೆಸಿದ. ಬಹಮನಿ ರಾಜ್ಯ ಆಮೇಲೆ ಚೇತರಿಸಿಕೊಳ್ಳಲಿಲ್ಲ.

ಇನ್ನು ನೆಲದ ಕೆಳಗಿನ ಕತೆ. ಬೀದರ್ ಕೂತಿರೋದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಈ ಕಲ್ಲು ಸ್ಪಂಜಿನ ಹಾಗೆ, ತೂತು ತೂತು, ಮಳೆನೀರು ಸುಲಭವಾಗಿ ಇಳಿಯುತ್ತೆ. ಅದರ ಕೆಳಗೆ ದಖ್ಖನ್ನಿನ ಗಟ್ಟಿ ಕರಿಕಲ್ಲು, ಅಲ್ಲಿ ನೀರು ಅಷ್ಟು ಬೇಗ ಇಳಿಯಲ್ಲ. ಎರಡರ ನಡುವೆ ಸಿಕ್ಕಿಕೊಂಡ ನೀರು ಅಡ್ಡಡ್ಡ ಹರಿದು, ಬಯಲು ಮುಗಿದು ಇಳಿಜಾರು ಶುರುವಾಗೋ ಅಂಚಿನಲ್ಲಿ ಬುಗ್ಗೆಯಾಗಿ ಹೊರಬರುತ್ತೆ. ಮೇಲೆ ಬಟಾಬಯಲು, ಅಂಚಿನಲ್ಲಿ ವರ್ಷಪೂರ್ತಿ ಒಸರೋ ಝರಿ. ಊರಿನ ನಕ್ಷೆ ಬರೆದದ್ದೇ ಈ ಅಂಚು.

ಸುಲ್ತಾನರು ಈ ನೀರಿನ ಗುಟ್ಟು ಅರಿತಿದ್ದರು. ನೌಬಾದಿನಲ್ಲಿರೋ ಕರೇಜ್ ಅದಕ್ಕೆ ಸಾಕ್ಷಿ. ಪರ್ಷಿಯಾದ ತಂತ್ರ ಇದು. ನೆಲದಡಿ ಉದ್ದಕ್ಕೆ ಸುರಂಗ ಕೊರೆದು, ನಡುನಡುವೆ ಬಾವಿಯಂತೆ ಗಾಳಿಬಾಯಿ ತೆರೆದು, ಒಸರುವ ನೀರನ್ನು ಇಳಿಜಾರಿನಲ್ಲೇ ಹರಿಸಿ ಊರಿಗೆ ತರೋದು. ಪಂಪು ಬೇಡ, ಕರೆಂಟು ಬೇಡ, ಬಿಸಿಲಿಗೆ ಆವಿಯಾಗಿ ಹೋಗೋದೂ ಕಡಿಮೆ. ನೌಬಾದಿನ ಸುರಂಗ ಸುಮಾರು ಮೂರು ಕಿಲೋಮೀಟರ್ ಇದೆ. ಹೂಳು ತುಂಬಿ ಮರೆತೇಹೋಗಿದ್ದ ಅದನ್ನು 2010ರ ದಶಕದಲ್ಲಿ ತೆರವು ಮಾಡಿದಾಗ ಬೀದರಿನ ಹುಡುಗರೇ ಬೆರಗಾಗಿ ನೋಡಿದರು. ಕೋಟೆಯೊಳಗಿನ ಲಾಲ್ ಬಾಗ್ ತೋಟ, ಅರಮನೆಗಳ ಕೊಳ, ಕಾರಂಜಿ ಎಲ್ಲ ನೋಡುವಾಗ ಇದನ್ನು ನೆನಪಿಡಿ: ಬೇಸಗೆಯಲ್ಲಿ ಸುಡೋ ಈ ಬಯಲಿನಲ್ಲಿ ವೈಭವ ಅಂದ್ರೆ ಮೊದಲಿಗೆ ನೀರು. ಮುತ್ತಿನ ಚಿಪ್ಪು, ಚಿನ್ನದ ಲೇಪ ಎಲ್ಲ ಆಮೇಲೆ.

ಅರಮನೆಯ ಕಾರಂಜಿ ನಿಂತು ಶತಮಾನಗಳಾದವು. ಅಂಚಿನ ಝರಿಗಳು ನಿಲ್ಲಲಿಲ್ಲ, ಅವುಗಳ ಪಕ್ಕದ ವಸತಿಯೂ ನಿಲ್ಲಲಿಲ್ಲ. ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ಸುಮಾರು ಮುನ್ನೂರು ಮೀಟರ್ ನಡೆದು ದೇವರ ಮುಂದೆ ನಿಲ್ಲುತ್ತಾರೆ. ಪಾಪನಾಶದಲ್ಲಿ ಶಿವನ ಗುಡಿ, ಪಕ್ಕದಲ್ಲಿ ನೀರು. ಗುರುನಾನಕ್ ಝಿರಾದ ಹೆಸರಲ್ಲೇ ಝರಿ ಇದೆ. ಹದಿನಾರನೇ ಶತಮಾನದ ಆರಂಭದಲ್ಲಿ ಗುರುನಾನಕರು ಈ ಕಡೆ ಬಂದಾಗ ಕುಡಿಯೋ ನೀರಿಗೆ ಪರದಾಡುತ್ತಿದ್ದ ಜನರಿಗಾಗಿ ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಅನ್ನೋದು ಸಿಖ್ಖರ ನಂಬಿಕೆ. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡೋಕೆ ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅಂತ ಸಿಖ್ ಪರಂಪರೆ ಹೇಳುತ್ತೆ. ಇವತ್ತು ಪಂಜಾಬಿನಿಂದ ಬಂದ ಯಾತ್ರಿಕನೂ, ಔರಾದಿನಿಂದ ಆಸ್ಪತ್ರೆಗೆ ಬಂದ ಮುದುಕನೂ ಲಂಗರಿನ ಒಂದೇ ಸಾಲಿನಲ್ಲಿ ಕೂತು ರೋಟಿ ದಾಲ್ ಉಣ್ಣಬಹುದು. ನೀನು ಯಾರು ಅಂತ ಕೇಳೋರಿಲ್ಲ, ಬಿಲ್ಲೂ ಬರಲ್ಲ.

ಅಷ್ಟೂರಿನಲ್ಲಿ ಮಲಗಿರೋ ಅಹ್ಮದ್ ಶಾಹ, ಅದೇ ವಿಹಾರಕ್ಕೆ ಬಂದ ಸುಲ್ತಾನ, ಸತ್ತ ಮೇಲೆ ವಲಿ ಆದ. ಮುಸ್ಲಿಮರಿಗೆ ಸಂತ, ಈ ಭಾಗದ ಅನೇಕ ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ಪ್ರತಿವರ್ಷ ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರೊಂದಿಗೆ ಬರ್ತಾರೆ, ಅವರು ಬಂದ ಮೇಲೇ ಪೂಜೆ. ಹೊಲದ ಕೆಲಸ ಮುಗಿಸಿದ ರೈತನಿಗೆ ವರ್ಷಕ್ಕೊಂದು ರಜೆ ಅಂತಿದ್ದರೆ ಅದು ಜಾತ್ರೆಯೇ. ಬುತ್ತಿ ಕಟ್ಟಿಕೊಂಡು ಹೋಗಿ, ಮರದ ಕೆಳಗೆ ಮಲಗಿ, ಬೆಂಡು ಬತ್ತಾಸು ಕೊಂಡು ವಾಪಸಾಗೋ ಪ್ರವಾಸ. ಔರಾದಿನ ಅಮರೇಶ್ವರ ಜಾತ್ರೆಯೂ ಹೀಗೇ. ಮನುಷ್ಯರಷ್ಟೇ ಅಲ್ಲ, ಈ ಸೀಮೆಯ ಹೆಮ್ಮೆಯ ದೇವಣಿ ದನಗಳಿಗೂ ನೆರಳು, ನೀರು ಬೇಕು. ದೇವಣಿ ಅನ್ನೋ ಊರು ಈಗ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿದೆ. 1956ರ ನವೆಂಬರ್ 1ರವರೆಗೆ ಉದಗೀರ್ ಸುತ್ತಿನ ಆ ಸೀಮೆಯೆಲ್ಲ ಬೀದರ್ ಜಿಲ್ಲೆಯೇ. ಗಡಿ ಎಳೆದರು, ದನಕ್ಕೆ ಗೊತ್ತಾಗಲಿಲ್ಲ.

ಭಾಲ್ಕಿಯ ಕತೆ ಇನ್ನೂ ಹತ್ತಿರದ್ದು. ನಿಜಾಮರ ಕಾಲದಲ್ಲಿ ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದು. ಕನ್ನಡ ಮಾತಾಡೋ ಮನೆಯ ಹುಡುಗನಿಗೆ ಕನ್ನಡದಲ್ಲಿ ಓದೋಕೆ ಊರಿನಲ್ಲಿ ಜಾಗವಿಲ್ಲ, ಪಟ್ಟಣಕ್ಕೆ ಹೋದರೆ ಉಳಿಯೋಕೆ ಮನೆಯಿಲ್ಲ. ಇತ್ತೀಚಿನವರೆಗೂ ಔರಾದ್ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠಕ್ಕೆ ಬಂದ ಚನ್ನಬಸವ ಪಟ್ಟದ್ದೇವರು (1890–1999) ಆ ಎರಡನ್ನೂ ಒಟ್ಟಿಗೆ ಬಿಡಿಸಿದರು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಜೊತೆಗೆ ಹಳ್ಳಿ ಮಕ್ಕಳಿಗೆ ಊಟ, ವಸತಿ. ಬೋರ್ಡಿನ ಕತೆ ಇಡೀ ಕರ್ನಾಟಕಕ್ಕೆ ಗೊತ್ತು. ವಸತಿಯ ಕತೆಯನ್ನು ಅಷ್ಟಾಗಿ ಯಾರೂ ಹೇಳಲ್ಲ. ಮಲಗೋಕೆ ಚಾಪೆ, ಉಣ್ಣೋಕೆ ಜೋಳದ ರೊಟ್ಟಿ ಇಲ್ಲದಿದ್ದರೆ ಆ ಪಾಠ ಕೇಳೋಕೆ ಹಳ್ಳಿಯಿಂದ ಯಾವ ಹುಡುಗ ಬರ್ತಿದ್ದ? ಈ ಗಡಿಯಲ್ಲಿ ಕನ್ನಡ ಉಳಿದದ್ದಕ್ಕೆ ಹಾಸ್ಟೆಲಿನ ಅಡುಗೆಮನೆಗೂ ಒಂದು ಪಾಲು ಸಲ್ಲಬೇಕು.

ಹಾಗಾಗಿ ಬೀದರಿನಲ್ಲಿ ಅತಿಥಿಸತ್ಕಾರದ ಇತಿಹಾಸ ಇಲ್ಲ ಅನ್ನೋಕಾಗಲ್ಲ. ಒಂದು ಕಡೆ ಎಲ್ಲರನ್ನೂ ಹೊರಗಿಟ್ಟ ಅರಮನೆ, ಇನ್ನೊಂದು ಕಡೆ ಯಾರನ್ನೂ ಹೊರಗಿಡದ ಲಂಗರು, ಮಠ, ದರ್ಗಾ. ನಡುವಿನ ಜಾಗ, ಅಂದ್ರೆ ದುಡ್ಡು ಕೊಟ್ಟು ಆರಾಮಾಗಿ ಎರಡು ದಿನ ಇರೋ ಜಾಗ, ಅದು ಬಹಳ ತಡವಾಗಿ ಬಂತು. ಪ್ರವಾಸೋದ್ಯಮ ನಿಗಮದ ಹೊಟೇಲಿಗೆ ಮಯೂರ ಬರೀದ್ ಶಾಹಿ ಅಂತ ಹೆಸರು. ವಾರಸುದಾರರಿಲ್ಲದ ಸುಲ್ತಾನರ ಹೆಸರನ್ನು ಕೊನೆಗೆ ಸರ್ಕಾರವೇ ಬೋರ್ಡಿಗೆ ಹಾಕಿತು. ಊರಾಚೆ ಹೊನ್ನಿಕೇರಿ ಕಾಡಿನ ಸೆರಗಿನಲ್ಲಿ, ವಿಲಾಸಪುರ ಕೆರೆಯ ಹತ್ತಿರ ಜಂಗಲ್ ಲಾಡ್ಜಸ್ ಸಂಸ್ಥೆಯ ಕೃಷ್ಣಮೃಗ ರೆಸಾರ್ಟ್ ಇದೆ. ಗಮನಿಸಿದಿರಾ, ಇದೂ ನೀರಿನ ಪಕ್ಕವೇ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆಯಿತು, 2020ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ವಿಮಾನ ಇಳಿಯಿತು. ದಾರಿ ತೆರೆದ ಮೇಲೆ ದುಡ್ಡು ಬರೋದು ಸಹಜ. ಕೋಟೆ ಕಾಣೋ ಬಾಲ್ಕನಿ, ಈಜುಕೊಳ ಇರೋ ರೆಸಾರ್ಟು ಇವತ್ತಲ್ಲ ನಾಳೆ ಇಲ್ಲಿಗೂ ಬರಬಹುದು.

ಬರಲಿ. ಭಾಲ್ಕಿ, ಔರಾದಿನ ಹುಡುಗ ಹುಡುಗಿಯರು ಈಗ ಕೆಲಸ ಹುಡುಕಿಕೊಂಡು ಹೈದರಾಬಾದ್, ಪುಣೆ, ಮುಂಬೈ ಬಸ್ಸು ಹತ್ತುತ್ತಾರೆ. ಬೇರೆ ಊರಿನ ಹೊಟೇಲಿನಲ್ಲಿ ಬೇರೆಯವರ ಹಾಸಿಗೆ ಹಾಸೋ ಬದಲು ತಮ್ಮೂರಿನಲ್ಲೇ ನಾಲ್ಕು ಜನರಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ ಬದುಕೋ ಹಾಗಾದರೆ ಬೇಡ ಅನ್ನೋರು ಯಾರು? ಆದರೆ ನೀರಿನ ಲೆಕ್ಕ ಮಾತ್ರ ಬಿಡೋ ಹಾಗಿಲ್ಲ. ಜಂಬಿಟ್ಟಿಗೆಯ ಸ್ಪಂಜು ಕುಡಿದ ನೀರನ್ನೇ ಝರಿ ಹೊರಹಾಕೋದು. ಮೇಲೆ ಎಲ್ಲೆಲ್ಲೂ ಬೋರ್‌ವೆಲ್ ಕೊರೆದು, ಬಯಲಿಗೆಲ್ಲ ಕಾಂಕ್ರೀಟು ಹಾಸಿದರೆ ಕೆಳಗೆ ಝಿರಾದಲ್ಲಿ, ಝರಣಿಯಲ್ಲಿ, ಕರೇಜಿನಲ್ಲಿ ಹರಿಯೋಕೆ ಏನೂ ಉಳಿಯಲ್ಲ. ಕರೇಜ್ ಕಟ್ಟಿದ ಸುಲ್ತಾನರು ಅರಮನೆಯ ವೈಭವದಲ್ಲಿ ಹಳ್ಳಿಯನ್ನು ಮರೆತಿರಬಹುದು, ನೀರು ಎಲ್ಲಿಂದ ಬರುತ್ತೆ ಅನ್ನೋದನ್ನು ಮರೆಯಲಿಲ್ಲ.

ಹೋಗೋದಾದರೆ ಹೀಗೆ ಹೋಗಿ. ಮಳೆಗಾಲ ಮುಗಿದ ಮೇಲೆ, ಚಳಿ ಶುರುವಾಗೋ ಹೊತ್ತಿಗೆ ಎರಡು ರಾತ್ರಿ ಇಟ್ಟುಕೊಳ್ಳಿ. ಬೆಳಗ್ಗೆ ಕೋಟೆ, ಮದರಸಾ. ಮಧ್ಯಾಹ್ನ ಝಿರಾದಲ್ಲಿ ನೆಲದ ಮೇಲೆ ಕೂತು ಲಂಗರಿನ ಊಟ ಮಾಡಿ, ಆಮೇಲೆ ಅರ್ಧ ಗಂಟೆ ಪಾತ್ರೆ ತೊಳೆಯೋಕೆ ಕೈ ಹಾಕಿ. ಸಂಜೆ ಅಷ್ಟೂರು. ಎರಡನೇ ದಿನ ಭಾಲ್ಕಿ ಮಠ, ಸಾಧ್ಯವಾದರೆ ಔರಾದಿನವರೆಗೂ. ದಾರಿಯಲ್ಲಿ ಯಾರಾದರೂ "ಬರ್ರಿ, ಕೂಡ್ರಿ, ಛಾ ಕುಡೀರಿ" ಅಂದ್ರೆ ಟೈಮಿಲ್ಲ ಅನ್ನಬೇಡಿ. ರೂಮು ಬುಕ್ ಮಾಡುವಾಗ ಪೂಲ್ ಇದೆಯಾ ಅಂತ ಕೇಳೋದರ ಜೊತೆಗೆ, ನಿಮ್ಮ ನೀರು ಎಲ್ಲಿಂದ ಬರುತ್ತೆ ಅಂತಲೂ ಒಂದು ಮಾತು ಕೇಳಿ.